ಕೆಲಸಗಾರನ ಡ್ರಿಲ್ಲು: ತಂತಿ ಬೇಕೋ, ಬ್ಯಾಟರಿ ಸಾಕೋ?



ಈಚೆಗೆ ಇಬ್ಬರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ನಮ್ಮ ಸೌತ್ ಸ್ಯಾನ್ ಫ್ರಾನ್ಸಿಸ್ಕೋದವರೇ. ಹದಿನೈದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಲೇಆಫ್ ಆದ ಮೇಲೆ "ಇನ್ನು ಈ ಇಂಟರ್‌ವ್ಯೂಗಳ ಸಹವಾಸ ಸಾಕಪ್ಪಾ" ಎಂದು ಹ್ಯಾಂಡಿಮ್ಯಾನ್ ಕೆಲಸಕ್ಕೆ ಇಳಿದವರು. ಇನ್ನೊಬ್ಬ ಹಾಸನದಲ್ಲಿರುವ ನನ್ನ ಚಿಕ್ಕಪ್ಪನ ಮಗ. ಮನೆಗಳಿಗೆ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಕೂರಿಸುವುದು ಅವನ ಕಸುಬು. "ಅಣ್ಣಾ, ಬರುವಾಗ ಅಲ್ಲಿಂದ ಒಂದು ಬ್ಯಾಟರಿ ಡ್ರಿಲ್ಲು, ಒಂದು ಕಟಿಂಗ್ ಮಷಿನ್ನು ತಂದುಕೊಡು. ಅಲ್ಲಿಂದು ಒರಿಜಿನಲ್ ಇರುತ್ತಂತೆ" ಎಂದ.

ಇಬ್ಬರಿಗೂ ಟೂಲು ಹೊಟ್ಟೆಪಾಡು. ಭಾನುವಾರ ಗೋಡೆಗೆ ಒಂದು ಫೋಟೋ ತೂಗುಹಾಕುವ ನಮ್ಮಂಥವರು ಸೇಲಿನಲ್ಲಿ ಯಾವುದು ಅಗ್ಗವೋ ಅದನ್ನು ತಂದರೂ ನಡೆಯುತ್ತದೆ. ಅದನ್ನೇ ನಂಬಿ ದಿನಗೂಲಿ ದುಡಿಯುವವನಿಗೆ ಹಾಗಲ್ಲ. ಮಧ್ಯಾಹ್ನ ಎರಡಕ್ಕೆ ಬ್ಯಾಟರಿ ಸತ್ತರೆ ಅವನ ಅರ್ಧ ದಿನದ ಸಂಪಾದನೆಯೇ ಹೋಯಿತು. ಎಲೆಕ್ಟ್ರಿಕಲ್ ಓದಿ ಸಾಫ್ಟ್‌ವೇರಿಗೆ ಬಂದವನು ನಾನು. ಕಾಲೇಜಿನಲ್ಲಿ ಕಲಿತ ಓಮನ ನಿಯಮ ಇಷ್ಟು ವರ್ಷಗಳ ಮೇಲೆ ಕೆಲಸಕ್ಕೆ ಬಂತಲ್ಲ ಎಂಬ ಖುಷಿಯಲ್ಲಿ ಸ್ವಲ್ಪ ಲೆಕ್ಕ ಹಾಕಿದೆ. ಕೂಟದ ಇತರರಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಂಗಡಿಯ ಡಬ್ಬದ ಮೇಲಿನ ಅಂಕಿಗಳ ಗೊಂದಲ ಕಳೆಯೋಣ. ಒಂದು ಕಂಪನಿ 18 ವೋಲ್ಟ್ ಎನ್ನುತ್ತದೆ, ಪಕ್ಕದ ಹಳದಿ ಡಬ್ಬ 20 ವೋಲ್ಟ್ ಮ್ಯಾಕ್ಸ್ ಎನ್ನುತ್ತದೆ. ಎರಡು ವೋಲ್ಟ್ ಜಾಸ್ತಿ ಅಲ್ಲವೇ ಎಂದು ಗಿರಾಕಿ ಹಳದಿಯದಕ್ಕೆ ಕೈಹಾಕುತ್ತಾನೆ. ನಿಜದಲ್ಲಿ ಎರಡೂ ಒಂದೇ! ಒಳಗೆ ಐದು ಲಿಥಿಯಂ ಸೆಲ್ಲುಗಳು ಸಾಲಾಗಿ ಜೋಡಿಸಿವೆ. ಕೆಲಸ ಮಾಡುವಾಗ ಒಂದೊಂದರ ಸರಾಸರಿ 3.6 ವೋಲ್ಟ್, ಐದಕ್ಕೆ 18. ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಕೂತಾಗ ಒಂದೊಂದು 4ರ ಆಸುಪಾಸಿಗೆ ಏರುತ್ತದೆ, ಐದಕ್ಕೆ 20. ಒಬ್ಬ ತನ್ನ ಎತ್ತರವನ್ನು ಚಪ್ಪಲಿ ಬಿಟ್ಟು ಅಳೆದ, ಇನ್ನೊಬ್ಬ ಚಪ್ಪಲಿ ಸಮೇತ ಅಳೆದ, ಅಷ್ಟೇ. 10.8 ಮತ್ತು 12 ವೋಲ್ಟ್ ಮ್ಯಾಕ್ಸ್‌ಗಳ ಕಥೆಯೂ ಇದೇ.

ನೋಡಬೇಕಾದದ್ದು ವ್ಯಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಸಿಕ್ಕಿತು: 18 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 90 ವ್ಯಾಟ್-ಅವರ್ ಇರುತ್ತದೆ. ಈ 90ನ್ನು ಒಂದು ಕೊಡ ನೀರು ಎಂದುಕೊಳ್ಳಿ. ಗೋಡೆಯ ಪ್ಲಗ್ಗು ನಲ್ಲಿ ಇದ್ದ ಹಾಗೆ. ಅಮೆರಿಕದ ಸಾಧಾರಣ ಪ್ಲಗ್ಗಿನಲ್ಲಿ 120 ವೋಲ್ಟು, 15 ಆಂಪಿಯರ್, ಅಂದರೆ 1800 ವ್ಯಾಟ್ ನಿಂತ ಕಾಲಲ್ಲಿ ಬರುತ್ತಲೇ ಇರುತ್ತದೆ. ಕೊಡದಲ್ಲಿ ಇರುವುದು ಅಷ್ಟು ಶಕ್ತಿಯ ಮೂರೇ ನಿಮಿಷದ ನೀರು.

ಹಾಗಾದರೆ ಬ್ಯಾಟರಿ ದಂಡವೇ? ಅಲ್ಲ. ಟ್ರಿಗರ್ ಒಂದು ಸಲಕ್ಕೆ ಎಷ್ಟು ಹೊತ್ತು ಒತ್ತಿರುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೂರಿಂಚಿನ ಸ್ಕ್ರೂ ಒಂದನ್ನು ಮರಕ್ಕೆ ಇಳಿಸಲು 400 ವ್ಯಾಟಿನಂತೆ ಮೂರು ಸೆಕೆಂಡು ಬೇಕು ಎಂದು ಇಟ್ಟುಕೊಳ್ಳಿ. ಅದು 1200 ಜೂಲ್. 90 ವ್ಯಾಟ್-ಅವರ್ ಎಂದರೆ 3,24,000 ಜೂಲ್. ಲೆಕ್ಕಕ್ಕೆ 270 ಸ್ಕ್ರೂ! ಅರ್ಧ ಕಳೆದು ನೋಡಿದರೂ ಒಬ್ಬ ಹ್ಯಾಂಡಿಮ್ಯಾನಿಗೆ ದಿನಕ್ಕೆ ಧಾರಾಳ. ಅದೇ ಬ್ಯಾಟರಿಯನ್ನು ಗರಗಸಕ್ಕೆ ಹಾಕಿ ಪ್ಲೈವುಡ್ ಹಾಳೆಗಳನ್ನು ಉದ್ದುದ್ದ ಸೀಳಲು ನಿಂತರೆ, 900 ವ್ಯಾಟ್ ಎಳೆದರೂ ಆರು ನಿಮಿಷಕ್ಕೆ ಕೊಡ ಖಾಲಿ. ಮತ್ತೆ ತುಂಬಲು ಒಳ್ಳೆಯ ಚಾರ್ಜರಿಗೂ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ.

ಆದ್ದರಿಂದ ನನ್ನ ಪಾಲಿಗೆ ನಿಯಮ ಒಂದೇ. ಸೆಕೆಂಡುಗಳಲ್ಲಿ ಮುಗಿಯುವ ಕೆಲಸಕ್ಕೆ ಬ್ಯಾಟರಿ, ನಿಮಿಷಗಟ್ಟಲೆ ಓಡಬೇಕಾದ ಕೆಲಸಕ್ಕೆ ತಂತಿ. ಬ್ರ್ಯಾಂಡು, ಬಣ್ಣ, ಬ್ರಶ್‌ಲೆಸ್ ಎಲ್ಲವೂ ಆಮೇಲಿನ ಮಾತು.

ಸಣ್ಣ ಬ್ಯಾಟರಿ, ದೊಡ್ಡ ಬ್ಯಾಟರಿ ಎರಡೂ 18 ವೋಲ್ಟೇ ಆದರೂ ದೊಡ್ಡದು ಹಾಕಿದಾಗ ಅದೇ ಡ್ರಿಲ್ಲು ಜೋರಾಗಿ ತಿರುಗುವುದನ್ನು ಕೆಲಸಗಾರರು ಗಮನಿಸಿರುತ್ತಾರೆ. ಅದು ಭ್ರಮೆಯಲ್ಲ. 2 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಐದು ಸೆಲ್ಲುಗಳ ಒಂದು ಸಾಲು, 5ರದ್ದರಲ್ಲಿ ಎರಡು ಸಾಲು ಪಕ್ಕಪಕ್ಕ. ಕರೆಂಟು ಎರಡು ಸಾಲುಗಳಿಗೆ ಹಂಚಿಹೋಗುವುದರಿಂದ ಒಳಗಿನ ರೆಸಿಸ್ಟೆನ್ಸಿನಲ್ಲಿ ವೋಲ್ಟೇಜು ಕಮ್ಮಿ ಬೀಳುತ್ತದೆ, ಬಿಸಿಯೂ ಕಮ್ಮಿ. ಹಾಗಾಗಿ ಹೆಚ್ಚು ಕರೆಂಟು ಎಳೆಯುವ ಗ್ರೈಂಡರ್, ಗರಗಸಗಳಿಗೆ ಸಣ್ಣ ಬ್ಯಾಟರಿ ಸಿಕ್ಕಿಸುವುದು ಮಾರುತಿ 800ಕ್ಕೆ ಟ್ರೇಲರ್ ಕಟ್ಟಿದಂತೆ. ತಲೆಯ ಮೇಲೆ ಕೈಯೆತ್ತಿ ಸ್ಕ್ರೂ ತಿರುಗಿಸುವಾಗ ಮಾತ್ರ ಸಣ್ಣದೇ ಸುಖ. ತೋಳು ಬೀಳುವುದಿಲ್ಲ.

ಇನ್ನು ನಮ್ಮ ಊರಿನದೇ ಒಂದು ಕೆಲಸವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸೈನ್ ಹಿಲ್ ಮೇಲೆ 1929ರಲ್ಲಿ ಕಾಂಕ್ರೀಟಿನಲ್ಲಿ ಕೂರಿಸಿದ 'ಸೌತ್ ಸ್ಯಾನ್ ಫ್ರಾನ್ಸಿಸ್ಕೋ, ದಿ ಇಂಡಸ್ಟ್ರಿಯಲ್ ಸಿಟಿ' ಅಕ್ಷರಗಳನ್ನು ಏರ್‌ಪೋರ್ಟಿಗೆ ಹೋಗುವಾಗ ನೀವೆಲ್ಲ ನೋಡಿದ್ದೀರಿ. ಉಕ್ಕು, ಮಾಂಸ, ಬಣ್ಣದ ಕಾರ್ಖಾನೆಗಳು ಹೋಗಿ ಈಗ ಬಯೋಟೆಕ್ ಬಂದಿದೆ. ಆದರೆ ಆ ಕಾಲದ ಮರದ ಮನೆಗಳು ಗುಡ್ಡದ ಕೆಳಗೆ ಇನ್ನೂ ಇವೆ. ಇಂಥ ಹಳೆಯ ಮನೆಗಳಲ್ಲಿ ಎಷ್ಟೋ ಕಾಂಕ್ರೀಟ್ ತಳಪಾಯದ ಮೇಲೆ ಸುಮ್ಮನೆ ಕೂತಿರುತ್ತವೆ, ಬಿಗಿಯಾಗಿ ಕಟ್ಟಿಹಾಕಿರುವುದಿಲ್ಲ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಬೇ ಏರಿಯಾದ ದಕ್ಷಿಣ ಭಾಗದಲ್ಲಿ ಹಲವು ಮನೆಗಳು ತಳಪಾಯದಿಂದ ಜಾರಿ ಬಿದ್ದದ್ದು ಇದೇ ಕಾರಣಕ್ಕೆ. ಅದಕ್ಕೆ ಮದ್ದು, ಮನೆಯಡಿಯ ಕ್ರಾಲ್ ಸ್ಪೇಸಿಗೆ ತೆವಳಿ ಹೋಗಿ, ಮರದ ತೊಲೆಯ ಮೂಲಕ ಕಾಂಕ್ರೀಟಿಗೆ ತೂತು ಕೊರೆದು ಬೋಲ್ಟ್ ಹಾಕುವುದು, ಗಿಡ್ಡ ಗೋಡೆಗಳಿಗೆ ಪ್ಲೈವುಡ್ ಬಡಿಯುವುದು. 1980ಕ್ಕಿಂತ ಹಿಂದಿನ ಮನೆಗಳಿಗೆ ರಾಜ್ಯದ 'ಅರ್ತ್‌ಕ್ವೇಕ್ ಬ್ರೇಸ್ ಪ್ಲಸ್ ಬೋಲ್ಟ್' ಯೋಜನೆಯಲ್ಲಿ 3000 ಡಾಲರ್ ತನಕ ನೆರವೂ ಸಿಗುತ್ತದೆ. ನಿಮ್ಮ ಜಿಪ್‌ಕೋಡ್ ಆ ವರ್ಷದ ಪಟ್ಟಿಯಲ್ಲಿ ಇರಬೇಕು.

ನಮ್ಮ ಮನೆಗೆ ಈ ಕೆಲಸ ಮಾಡಿಸಿದಾಗ ಎರಡು ದಿನ ಅವರ ಟೂಲುಗಳನ್ನೇ ನೋಡುತ್ತಾ ನಿಂತಿದ್ದೆ. (ಮನೆಯಾಕೆ ಕರೆದದ್ದು ಕೇಳಿಸಲಿಲ್ಲ ಎಂಬ ಆರೋಪ ಇನ್ನೂ ಇತ್ಯರ್ಥವಾಗಿಲ್ಲ.) ಹಿತ್ತಲಲ್ಲಿ ಪ್ಲೈವುಡ್ ಕೊಯ್ಯುತ್ತಿದ್ದ ಗರಗಸಕ್ಕೆ ತಂತಿ. ಕಾಂಕ್ರೀಟ್ ಕೊರೆಯುವ ರೋಟರಿ ಹ್ಯಾಮರಿಗೆ ತಂತಿ. ಅದರ ದೂಳು ಹೀರುವ ವ್ಯಾಕ್ಯೂಮಿಗೆ ತಂತಿ. ನಟ್ಟು ಬಿಗಿಯುವ ಇಂಪ್ಯಾಕ್ಟ್ ರೆಂಚು, ಸ್ಕ್ರೂ ತಿರುಗಿಸುವ ಇಂಪ್ಯಾಕ್ಟ್ ಡ್ರೈವರು, ಬೆಳಕು, ಇವಕ್ಕೆ ಬ್ಯಾಟರಿ. ಮೊಣಕೈ ಊರಿ ತೆವಳುವ ಜಾಗದಲ್ಲಿ ತಂತಿ ಕಾಲಿಗೆ ತೊಡರುತ್ತದಲ್ಲ, ಹ್ಯಾಮರಿಗೂ ಬ್ಯಾಟರಿ ಏಕಿಲ್ಲ ಎಂದು ಮೇಸ್ತ್ರಿಯನ್ನು ಕೇಳಿದೆ. "ಐದಾರು ತೂತಾದರೆ ಬ್ಯಾಟರಿಯದೇ ತರುತ್ತೇನೆ, ಇಲ್ಲಿ ಮೂವತ್ತಿವೆ" ಎಂದ. ಅದೇ ಕೊಡ-ನಲ್ಲಿ ಲೆಕ್ಕ. ಅವನು ಓಮನನ್ನು ಓದಿರಲಿಲ್ಲ, ಅನುಭವದಿಂದಲೇ ಅಲ್ಲಿಗೆ ಬಂದಿದ್ದ.

ರೋಟರಿ ಹ್ಯಾಮರ್ ಬೇರೆ, ಹ್ಯಾಮರ್ ಡ್ರಿಲ್ ಬೇರೆ. ಅಂಗಡಿಯಲ್ಲಿ ಹೆಸರು ಕೇಳಿ ಮೋಸಹೋಗುವುದು ಇಲ್ಲೇ. ಹ್ಯಾಮರ್ ಡ್ರಿಲ್ಲಿನೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಕಟಕಟ ಎನ್ನುತ್ತವೆ. ನೀವು ಒತ್ತಿದಷ್ಟೇ ಪೆಟ್ಟು, ಸಂಜೆಗೆ ಭುಜ ನೋವು. ಇಟ್ಟಿಗೆಗೆ ಸಾಕು. ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ನು ಗಾಳಿಯನ್ನು ಒತ್ತಿ ಬಿಟ್ಟಿಗೆ ಒಳಗಿನಿಂದಲೇ ಸುತ್ತಿಗೆ ಪೆಟ್ಟು ಕೊಡುತ್ತದೆ. ನೀವು ನೆಟ್ಟಗೆ ಹಿಡಿದುಕೊಂಡರೆ ಸಾಕು. ಇದರ ಬಿಟ್ಟುಗಳ ಎಸ್‌ಡಿಎಸ್ ಹಿಡಿಕೆಯನ್ನು 1975ರಲ್ಲಿ ತಂದದ್ದು ಬಾಷ್. (ಆಡುಗೋಡಿಯ ನಮ್ಮ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತಲ್ಲ, ಅದರ ಮಾತೃಸಂಸ್ಥೆ.) ಗೋಡೆ ಕಾಂಕ್ರೀಟಾದರೆ ಈ ಒಂದು ಯಂತ್ರಕ್ಕೆ ಚೌಕಾಶಿ ಬೇಡ. ದೂಳಿನ ವಿಷಯದಲ್ಲೂ ಬೇಡ. ಕಾಂಕ್ರೀಟಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. 2017ರಿಂದ ಇಲ್ಲಿ ಕಟ್ಟಡ ಕೆಲಸಗಳಲ್ಲಿ ಅದಕ್ಕೆ ಬಿಗಿಯಾದ ನಿಯಮಗಳಿವೆ. ಹಾಸನದಲ್ಲಿ ನಿಯಮ ಯಾರೂ ಕೇಳಲಿಕ್ಕಿಲ್ಲ, ಆದರೆ ಶ್ವಾಸಕೋಶ ಎರಡೂ ಕಡೆ ಒಂದೇ. ತಮ್ಮನಿಗೆ ಒಳ್ಳೆಯ ಮಾಸ್ಕು ಮಾತ್ರ ಇಲ್ಲಿಂದಲೇ ಒಯ್ಯುತ್ತೇನೆ.

ತಂತಿಯ ಟೂಲು ಕೊಂಡವರು ಉಳಿಸಲು ಹೋಗಿ ಕೆಡಿಸಿಕೊಳ್ಳುವುದು ಎಕ್ಸ್‌ಟೆನ್ಶನ್ ಕಾರ್ಡಿನಲ್ಲಿ. ಹದಿನಾರು ಗೇಜಿನ ತೆಳ್ಳನೆಯ ನೂರಡಿ ಕಾರ್ಡು ಅಗ್ಗಕ್ಕೆ ಸಿಗುತ್ತದೆ. ಅದರ ತಾಮ್ರಕ್ಕೆ ಸಾವಿರ ಅಡಿಗೆ ಸುಮಾರು 4 ಓಮ್. ಹೋಗಿ ಬರಲು ಇನ್ನೂರಡಿ, ಅಂದರೆ 0.8 ಓಮ್. 15 ಆಂಪಿಯರ್ ಹರಿದರೆ 12 ವೋಲ್ಟು ದಾರಿಯಲ್ಲೇ ಬಿತ್ತು, ಹತ್ತರಲ್ಲಿ ಒಂದು ಪಾಲು. ಮೋಟರು ಏದುಸಿರು ಬಿಡುತ್ತದೆ, ಬಿಸಿಯಾಗುತ್ತದೆ, ಬೇಗ ಸಾಯುತ್ತದೆ. ಹನ್ನೆರಡು ಗೇಜಿನ ದಪ್ಪ ಕಾರ್ಡಿನಲ್ಲಿ ಬೀಳುವುದು 5 ವೋಲ್ಟಿಗಿಂತ ಕಮ್ಮಿ. ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ ಎಂಬುದು ನೆನಪಿರಲಿ. ಒದ್ದೆ ಹಿತ್ತಲು, ಮನೆಯಡಿಯ ಮಣ್ಣು ಇಂಥ ಕಡೆ ಜಿಎಫ್‌ಸಿಐ ಇಲ್ಲದ ಪ್ಲಗ್ಗಿಗೆ ತಂತಿ ಹಾಕಲೇಬೇಡಿ. ಕರೆಂಟು 5 ಮಿಲಿಆಂಪಿಯರ್‌ನಷ್ಟು ದಾರಿ ತಪ್ಪಿದರೂ ಅದು ಕಡಿದುಹಾಕುತ್ತದೆ. ಬ್ಯಾಟರಿ ಟೂಲಿಗೆ ಈ ಭಯವಿಲ್ಲ ನಿಜ. ಅದರ ಅಪಾಯ ಬೇರೆ: ಸದಾ ಜೀವಂತವಾಗಿರುತ್ತದೆ. ಬ್ಲೇಡು, ಡಿಸ್ಕು ಬದಲಿಸುವ ಮೊದಲು ಬ್ಯಾಟರಿ ಕಿತ್ತು ಪಕ್ಕಕ್ಕಿಡುವುದು ಅಭ್ಯಾಸವಾಗಬೇಕು.

ಮೊದಲ ಬ್ಯಾಟರಿ ಡ್ರಿಲ್ಲನ್ನು ಬ್ಲ್ಯಾಕ್ ಅಂಡ್ ಡೆಕರ್ 1961ರಲ್ಲಿ ತಂದಿತು. ಹತ್ತು ವರ್ಷದಲ್ಲಿ ಅಪೋಲೋ 15ರವರು ಚಂದ್ರನ ನೆಲವನ್ನೂ ಬ್ಯಾಟರಿಯ ಡ್ರಿಲ್ಲಿನಿಂದಲೇ ಕೊರೆದರು. ಅಲ್ಲಿ ಪ್ಲಗ್ ಪಾಯಿಂಟ್ ಎಲ್ಲಿಂದ ಬರಬೇಕು! ಆದರೂ ಕೆಲಸಗಾರರು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ದೊಡ್ಡ ಟೂಲುಗಳಿಗೆ ನಂಬಲಿಲ್ಲ. ಭಾರ ಹೆಚ್ಚು, ಬಲ ಕಮ್ಮಿ. 2005ರಲ್ಲಿ ಮಿಲ್ವಾಕಿ, ಮಕಿಟಾ ಮುಂತಾದವು ಲಿಥಿಯಂ ತಂದ ಮೇಲೆ ಚಿತ್ರ ಬದಲಾಯಿತು. ಈಗ 36 ವೋಲ್ಟು, 54 ವೋಲ್ಟಿನ ಗರಗಸಗಳೂ ಇವೆ, ತಂತಿಯದಕ್ಕೆ ಸಮನಾಗಿ ಕೊಯ್ಯುತ್ತವೆ. ಕೊಯ್ಯುವ ಬಲ ಬಂತು, ಆದರೆ ಕೊಡದ ಗಾತ್ರ ಅದೇ ಪ್ರಮಾಣದಲ್ಲಿ ಬೆಳೆದಿಲ್ಲ. ದೊಡ್ಡ ಬ್ಯಾಟರಿಗಳ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಬೆಲೆಯ ಮಾತು ಬಂತಲ್ಲ, ಕೆಲಸಗಾರ ಕೊಳ್ಳುವುದು ಡ್ರಿಲ್ಲನ್ನಲ್ಲ, ಒಂದು ಬ್ಯಾಟರಿಯ ಮನೆತನವನ್ನು. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಮಿಲ್ವಾಕಿ ಮತ್ತು ರಿಯೋಬಿ ಟೂಲುಗಳು ಹಾಂಗ್‌ಕಾಂಗಿನ ಒಂದೇ ಕಂಪನಿಯ ಕೈಯಿಂದ ಬರುತ್ತವೆ, ಆದರೂ ಅವುಗಳ ಬ್ಯಾಟರಿಗಳು ಪರಸ್ಪರ ಕೂರುವುದಿಲ್ಲ! ಮದುವೆಯಂತೆ ವಿಚಾರ ಮಾಡಿ ಒಂದು ಕಡೆ ಸೇರಿಕೊಳ್ಳಿ. ಮುಂದೆ ಬೇಕಾಗುವ ಟೂಲುಗಳು ಆ ಮನೆತನದಲ್ಲಿವೆಯೇ, ರಿಪೇರಿ ಹತ್ತಿರ ಸಿಗುತ್ತದೆಯೇ, ಹಳೆಯ ಬ್ಯಾಟರಿ ಆಕಾರವನ್ನು ಅವರು ಎಷ್ಟು ವರ್ಷ ಉಳಿಸಿಕೊಂಡಿದ್ದಾರೆ ನೋಡಿ. ಈ ಕೊನೆಯದರಲ್ಲಿ ರಿಯೋಬಿಗೆ ಮೆಚ್ಚುಗೆ ಸಲ್ಲಬೇಕು. 1996ರ 18 ವೋಲ್ಟಿನ ಆಕಾರ ಇವತ್ತಿಗೂ ನಡೆಯುತ್ತಿದೆ. ದಿನವಿಡೀ ದುಡಿಸಲು ಮಾತ್ರ ನಾನು ಅದನ್ನು ಹೇಳುವುದಿಲ್ಲ.

ನಮ್ಮ ಸ್ನೇಹಿತರಿಗೆ ನಾನು ಹೇಳಿದ್ದು ಇಷ್ಟು. ಅಮೆರಿಕದ ಮನೆ ಮರ ಮತ್ತು ಡ್ರೈವಾಲ್. ನಿಮ್ಮ ಕೆಲಸದ ಬಹುಪಾಲು ಸೆಕೆಂಡುಗಳದ್ದು. 18 ವೋಲ್ಟಿನ ಒಂದು ಡ್ರಿಲ್ಲು, ಒಂದು ಇಂಪ್ಯಾಕ್ಟ್ ಡ್ರೈವರು, ಎರಡು 5 ಆಂಪಿಯರ್-ಅವರ್ ಬ್ಯಾಟರಿ, ಒಂದು ಸಣ್ಣದು. ಆಮೇಲೆ ಅದೇ ಮನೆತನದ ಆಸಿಲೇಟಿಂಗ್ ಟೂಲನ್ನು ಬ್ಯಾಟರಿಯಿಲ್ಲದೆ ಕೊಳ್ಳಿ. ಡ್ರಿಲ್ಲೇ ಸ್ಕ್ರೂ ತಿರುಗಿಸುವುದಿಲ್ಲವೇ ಎಂದರು. ತಿರುಗಿಸುತ್ತದೆ, ಜೊತೆಗೆ ಮಣಿಕಟ್ಟನ್ನೂ ತಿರುಗಿಸುತ್ತದೆ. ಇಂಪ್ಯಾಕ್ಟ್ ಡ್ರೈವರು ತಿರುಗುವ ದಿಕ್ಕಿಗೇ ಸಣ್ಣಸಣ್ಣ ಪೆಟ್ಟು ಕೊಡುವುದರಿಂದ ಕೈಗೆ ಆ ತಿರುಚು ಬರುವುದಿಲ್ಲ. ಗರಗಸ, ಗ್ರೈಂಡರು, ವ್ಯಾಕ್ಯೂಮು ತಂತಿಯದೇ ಇರಲಿ, ಅರ್ಧ ದುಡ್ಡಿಗೆ ಬರುತ್ತವೆ. ರೋಟರಿ ಹ್ಯಾಮರು ತಿಂಗಳಿಗೊಮ್ಮೆ ಬೇಕಾದರೆ ಬಾಡಿಗೆಗೆ ತನ್ನಿ. (ಬರ್ಕ್ಲಿಯ ಸಾರ್ವಜನಿಕ ಗ್ರಂಥಾಲಯ 1979ರಿಂದ ಅಲ್ಲಿನ ನಿವಾಸಿಗಳಿಗೆ ಪುಸ್ತಕದಂತೆ ಟೂಲುಗಳನ್ನೂ ಎರವಲು ಕೊಡುತ್ತಿದೆ. ಎಂಥ ಪುಣ್ಯವಂತರು!)

ಟೂಲಿಗಿಂತ ಮೊದಲು ಕಾಗದ ಸರಿಯಿರಬೇಕು ಎಂದೂ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಕಂಟ್ರ್ಯಾಕ್ಟರ್ ಲೈಸೆನ್ಸ್ ಇಲ್ಲದೆ ಒಪ್ಪಿಕೊಳ್ಳಬಹುದಾದ ಕೆಲಸದ ಮಿತಿ 500 ಡಾಲರ್ ಇದ್ದದ್ದು 2025ರ ಜನವರಿ 1ರಿಂದ 1000 ಡಾಲರಿಗೆ ಏರಿದೆ. ಸಾಮಾನು, ಕೂಲಿ ಎರಡೂ ಸೇರಿ 1000ಕ್ಕಿಂತ ಒಳಗಿರಬೇಕು. ಕೆಲಸಕ್ಕೆ ಬಿಲ್ಡಿಂಗ್ ಪರ್ಮಿಟ್ ಬೇಕಾಗುವಂತಿರಬಾರದು, ಆಳುಗಳನ್ನು ಇಟ್ಟುಕೊಂಡಿರಬಾರದು. ದೊಡ್ಡ ಕೆಲಸವನ್ನು ತುಂಡು ಮಾಡಿ ಬಿಲ್ ಬರೆದರೆ ನಡೆಯದು. ಮೇಲೆ ಹೇಳಿದ ಬೋಲ್ಟ್ ಹಾಕುವ ಕೆಲಸಕ್ಕೆ ಪರ್ಮಿಟ್ ಬೇಕು, ಆದ್ದರಿಂದ ಲೈಸೆನ್ಸ್ ಇಲ್ಲದವರು ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಮಾತು ಕೂಟದ ಕಿರಿಯರಿಗೆ: ಎಚ್-1ಬಿ ವೀಸಾದಲ್ಲಿ ಇರುವವರು ವಾರಾಂತ್ಯದಲ್ಲಿ ದುಡ್ಡು ತೆಗೆದುಕೊಂಡು ಇಂಥ ಕೆಲಸ ಮಾಡುವಂತಿಲ್ಲ. ಸ್ಪಾನ್ಸರ್ ಮಾಡಿದ ಕಂಪನಿಯ ಕೆಲಸ ಮಾತ್ರ. ನಮ್ಮ ಸ್ನೇಹಿತರಿಗೆ ಗ್ರೀನ್ ಕಾರ್ಡ್ ಇದೆ, ತೊಂದರೆಯಿಲ್ಲ.

ಹಾಸನದ ತಮ್ಮನಿಗೆ ಉತ್ತರ ಬೇರೆ. ಅಲ್ಲಿ 230 ವೋಲ್ಟು, 50 ಸೈಕಲ್ಲು. ಇಲ್ಲಿಯ 120 ವೋಲ್ಟಿನ ಗರಗಸವನ್ನು ಅಲ್ಲಿನ ಪ್ಲಗ್ಗಿಗೆ ಹಾಕಿದರೆ ಹೊಗೆಯೇ ಗತಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಬಹುದು, ಆದರೆ 1800 ವ್ಯಾಟಿಗೆ ಅದು ಅಕ್ಕಿಮೂಟೆಯ ಹಾಗೆ ಭಾರ. ಅದನ್ನು ಹೊತ್ತು ಮನೆಮನೆಗೆ ಹೋಗುವವರು ಯಾರು? ಕೈಯಲ್ಲಿ ಹಿಡಿಯುವ ಟೂಲುಗಳ ಬ್ರಶ್ ಮೋಟರಿಗೆ ಸೈಕಲ್ಲಿನ ವ್ಯತ್ಯಾಸ ಬಾಧಿಸದು. ಇಂಡಕ್ಷನ್ ಮೋಟರಿನ ಬೆಂಚ್ ಗ್ರೈಂಡರ್, ಕಂಪ್ರೆಸರ್‌ನಂಥವು ಮಾತ್ರ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತವೆ. ಹಾಗಾಗಿ ತಂತಿಯ ಟೂಲನ್ನು ಅಲ್ಲಿಯೇ, 230 ವೋಲ್ಟಿನದನ್ನೇ ಕೊಳ್ಳು ಎಂದೆ. ಅದೇ ದೊಡ್ಡ ಕಂಪನಿಗಳು ಅಲ್ಲೂ ಇವೆ, ವಾರಂಟಿಯೂ ಅಲ್ಲೇ ನಡೆಯುತ್ತದೆ. ಅಷ್ಟೇ ವ್ಯಾಟಿಗೆ 230ರಲ್ಲಿ ಕರೆಂಟು ಅರ್ಧ ಸಾಕು, ಉದ್ದ ತಂತಿಯಲ್ಲಿ ಬೀಳುವ ವೋಲ್ಟೇಜೂ ಕಮ್ಮಿ. ಒಂದು ರೀತಿಯಲ್ಲಿ ಅವನೇ ಅದೃಷ್ಟವಂತ.

ಅವನಿಗೂ ಬ್ಯಾಟರಿ ಬೇಕು, ಆದರೆ ಕಾರಣ ಬೇರೆ. ಕರೆಂಟು ಹೋದಾಗ ಮನೆಯ ಯುಪಿಎಸ್ ಮೇಲೆ ಗ್ರೈಂಡರ್ ಓಡುವುದಿಲ್ಲ, ನೂರಿನ್ನೂರು ವ್ಯಾಟಿನ ಬ್ಯಾಟರಿ ಚಾರ್ಜರು ಓಡುತ್ತದೆ. ಹಿಂಜ್, ಚಾನೆಲ್, ಹಿಡಿಕೆ ಕೂರಿಸುವುದೆಲ್ಲ ಸೆಕೆಂಡುಗಳ ಕೆಲಸ. ಗೋಡೆ ಮಾತ್ರ ಇಟ್ಟಿಗೆ, ಕಾಂಕ್ರೀಟು. ಅದಕ್ಕೆ ತಂತಿಯ ರೋಟರಿ ಹ್ಯಾಮರು ಅವನ ಬಳಿ ಆಗಲೇ ಇದೆ. ಕೊನೆಗೆ ಒಪ್ಪಂದ ಹೀಗಾಯಿತು: ಹಾಸನದಲ್ಲಿ ಯಾವ ಮನೆತನದ ರಿಪೇರಿ ಸಿಗುತ್ತದೆ ಎಂದು ಅವನು ವಿಚಾರಿಸುತ್ತಾನೆ, ಚಾರ್ಜರನ್ನು ಅಲ್ಲಿಯೇ ಕೊಳ್ಳುತ್ತಾನೆ. ಇಲ್ಲಿ ಮಾರುವ ಚಾರ್ಜರುಗಳು ಹೆಚ್ಚಾಗಿ 120 ವೋಲ್ಟಿಗೆ ಮಾತ್ರ. ಅದೇ ಮನೆತನದ್ದು, ಅಲ್ಲಿನ ಬ್ಯಾಟರಿ ಕೂರುವಂಥದ್ದು ಎಂದು ಖಾತ್ರಿ ಮಾಡಿಕೊಂಡು ಇಂಪ್ಯಾಕ್ಟ್ ಡ್ರೈವರನ್ನು ನಾನು ಇಲ್ಲಿಂದ ಒಯ್ಯುತ್ತೇನೆ.

ವಿಮಾನದಲ್ಲಿ ಒಯ್ಯುವವರು ಗಮನಿಸಿ. ಟೂಲು ಚೆಕ್-ಇನ್ ಬ್ಯಾಗಿಗೆ, ಬಿಡಿ ಬ್ಯಾಟರಿ ಕೈಚೀಲಕ್ಕೆ. ಅದಲುಬದಲು ಆಗಬಾರದು. 100 ವ್ಯಾಟ್-ಅವರ್ ತನಕ ಒಯ್ಯಬಹುದು. 100ರಿಂದ 160ರವರೆಗಿನದಕ್ಕೆ ಏರ್‌ಲೈನಿನ ಒಪ್ಪಿಗೆ ಬೇಕು, ಅದೂ ಎರಡೇ. 18 ವೋಲ್ಟಿನ 5 ಆಂಪಿಯರ್-ಅವರ್ ಲೆಕ್ಕಕ್ಕೆ 90 ಆದರೂ ಬ್ಯಾಟರಿಯ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಅಧಿಕಾರಿಗಳು ಓದುವುದು. 6ರದ್ದು 108, ಒಪ್ಪಿಗೆ ಕೇಳಿ. 9ರದ್ದು 162, ಮನೆಯಲ್ಲೇ ಬಿಡಿ. ಲೋಹದ ತುದಿಗಳಿಗೆ ಟೇಪು ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಹಳೆಯದಾಗಿ ಸತ್ತ ಬ್ಯಾಟರಿಯನ್ನು ಕಸದ ಡಬ್ಬಕ್ಕೆ ಹಾಕುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಅವನ್ನು ತೆಗೆದುಕೊಳ್ಳುವ ಪೆಟ್ಟಿಗೆಯನ್ನು ದೊಡ್ಡ ಹಾರ್ಡ್‌ವೇರ್ ಅಂಗಡಿಗಳು ಬಾಗಿಲ ಬಳಿಯೇ ಇಟ್ಟಿರುತ್ತವೆ.